ನೀರು ನಿಂತಿದ್ದ ಚಿತ್ರ

ಹಾರ್ಸ್‌ವೆರ್ಡ್, ಫ್ರೀಸ್‌ಲ್ಯಾಂಡ್
೧೯ ಜನವರಿ

ಪ್ರೀತಿಯ ಬೌಕ್ಯೆ,

ಇಷ್ಟು ವರ್ಷ ಜೊತೆಗೆ ಕೆಲಸ ಮಾಡಿದ್ದೇವೆ, ಆದರೆ ನಿನ್ನ ಕೈಬರಹ ಹೇಗಿದೆ ಎಂದು ನನಗೆ ಗೊತ್ತಿಲ್ಲ. ನನ್ನದೂ ನಿನಗೆ ಗೊತ್ತಿರಲಾರದು. ಫೋನಿಗೆ ಕಳಿಸಿದ ಒಂದು ಮಾತಿಗೂ ನೀನು ಉತ್ತರಿಸದೆ ಹೋದಾಗ ಮೊದಲು ಬೇಸರವಾಯಿತು, ಆಮೇಲೆ ಹೆದರಿಕೆಯಾಯಿತು. ಮೊನ್ನೆ ಅಂಗಡಿಯಲ್ಲಿ ನಿನ್ನ ಗಂಡ ಹಿಲ್ಕೆ ಸಿಕ್ಕಿದ. ಚೀಸ್ ಕತ್ತರಿಸಿ ಕೊಡುವವಳ ಮುಂದೆ ನಿಂತಿದ್ದ.

"ಅವಳ ಫೋನು ಅಡುಗೆಮನೆ ಡ್ರಾಯರಲ್ಲಿ ಪಾತ್ರೆ ಒರೆಸೋ ಬಟ್ಟೆ ಕೆಳಗೆ ಮಲಗಿದೆ ಕಣೇ. ಡಾಕ್ಟ್ರು ಮುಟ್ಟಲೇಬೇಡ ಅಂದಿದಾರೆ. ಅವಳ ಹತ್ರ ಮಾತಾಡ್ಬೇಕು ಅಂದ್ರೆ ಅಜ್ಜಿ ಕಾಲದ ಹಾಗೆ ಸ್ಟ್ಯಾಂಪ್ ಅಂಟಿಸು" ಎಂದು ಹಿಲ್ಕೆ ನಕ್ಕ. ನಗುತ್ತಲೇ ಚೀಸ್ ಮರೆತು ಹೊರಟ. ನಾನೇ ಕೂಗಿ ಕರೆದು ಕೈಗಿತ್ತೆ.

ನಿನ್ನ ಕುರ್ಚಿಯಲ್ಲಿ ಈಗ ನನ್ನನ್ನು ಕೂರಿಸಿದ್ದಾರೆ. ಎತ್ತರ ಬದಲಿಸಲು ಮನಸ್ಸು ಬಂದಿಲ್ಲ. ಕಾಲು ನೆಲಕ್ಕೆ ಸರಿಯಾಗಿ ತಾಕುವುದಿಲ್ಲ.

ಒಬ್ಬೊಬ್ಬರಿಗೆ ಒಂದೊಂದು ಸೇತುವೆ ಇದ್ದ ದಿನಗಳು ನೆನಪಾಗುತ್ತವೆ. ನೀರಿನ ಪಕ್ಕದ ಗೂಡಿನಲ್ಲಿ ಕೂತು, ದೋಣಿ ಬಂದರೆ ಕಿಟಕಿಯಿಂದ ಕತ್ತು ಚಾಚಿ ರಸ್ತೆ ನೋಡಿ, ರಸ್ತೆಗೆ ಗೇಟು ಇಳಿಸಿ, ದೋಣಿ ದಾಟಲೆಂದು ಸೇತುವೆ ಎತ್ತುತ್ತಿದ್ದೆವು. ಈಗ ಊರಾಚೆಯ ಈ ಕಟ್ಟಡದಲ್ಲಿ ಒಬ್ಬೊಬ್ಬರ ಮುಂದೆ ಆರಾರು ಸೇತುವೆ. ಕಿಟಕಿಯ ಬದಲು ಕ್ಯಾಮೆರಾ. ಅದಕ್ಕೆ ಹೇಗೋ ಒಗ್ಗಿಕೊಂಡೆ. ಒಗ್ಗದೇ ಇರುವುದು ಅವುಗಳ ಜೊತೆಗಿರುವ ಚಾಟ್‌ನ ಪರದೆ. ರಿಪೇರಿಗೊಂದು ಗುಂಪು, ಪಾಳಿ ಬದಲಿಗೊಂದು, ಗಾಳಿ ಮಳೆಗೊಂದು, ಹುಟ್ಟುಹಬ್ಬಕ್ಕೊಂದು, ಯಾರದೋ ಹಳೆಯ ಸೋಫಾ ಮಾರಾಟಕ್ಕೊಂದು. ನೀನು ಹೋದ ಮೇಲೆ ಇನ್ನೂ ಹೆಚ್ಚಿವೆ. ಯಾರು ಏನು ಹಾಕಿದರೂ ಅದು ಟಿಣ್ ಎನ್ನುತ್ತದೆ. ಮನೆಯಲ್ಲಿ ಚಮಚ ಲೋಟಕ್ಕೆ ತಾಗಿದರೂ ನಾನು ತಿರುಗಿ ನೋಡುತ್ತೇನೆ.

ನನ್ನ ಹೆದರಿಕೆ ಇಷ್ಟೇ. ಆ ನೂರು ಮಾತುಗಳ ನಡುವೆ ಒಂದು ದಿನ 'ಎತ್ತಬೇಡ, ಸೇತುವೆಯ ಮೇಲೆ ಯಾರೋ ಇದ್ದಾರೆ' ಎಂಬ ಮಾತು ಬಂದಿರುತ್ತದೆ. ನಾನು ಅದನ್ನು ಓದಿರುವುದಿಲ್ಲ. ಅಥವಾ ಮಿಕ್ಕ ತೊಂಬತ್ತೊಂಬತ್ತನ್ನು ಓದುತ್ತ ಕೂತಿರುವಾಗಲೇ ನನ್ನ ಬೆರಳು ಗುಂಡಿ ಒತ್ತಿಬಿಟ್ಟಿರುತ್ತದೆ.

ಅಕ್ಟೋಬರಿನಲ್ಲಿ ನೀನು ಪಾಳಿಯ ನಡುವೆ ಎದ್ದು, ಕೋಟು ಹಾಕಿಕೊಂಡು, ಕಾರಿನಲ್ಲಿ ಹೋಗಿ ಕೂತೆ. ಹಿಲ್ಕೆ ಬರುವವರೆಗೂ ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದೆ. ಯಾವ ಸೇತುವೆಯಲ್ಲೂ ಏನೂ ಆಗಿರಲಿಲ್ಲ. 'ಬಳಲಿದ್ದಾಳೆ' ಎಂದರು. ಆ ಒಂದು ಪದಕ್ಕೆ ಇಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ, ಯಾರೂ ಮುಂದಕ್ಕೆ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಈಗ ಕೇಳಬಹುದೇ? ನಿನಗೂ ಹೀಗೇ ಆಗುತ್ತಿತ್ತೇ?

ಉತ್ತರ ಬರೆಯಲೇಬೇಕೆಂದಿಲ್ಲ.

ನಿನ್ನ
ರಿನ್‌ಸ್ಕೆ


ಓಡೆಹೌಸ್
೮ ಫೆಬ್ರವರಿ

ರಿನ್‌ಸ್ಕೆ,

ನಿನ್ನ ಕೈಬರಹ ಡಾಕ್ಟರ ಚೀಟಿಯ ಹಾಗಿದೆ. ಹಿಲ್ಕೆ ಕನ್ನಡಕ ಏರಿಸಿಕೊಂಡು ಅರ್ಧ ಓದಿಕೊಟ್ಟ. ಮಿಕ್ಕರ್ಧ ಅವನಿಗೆ ಕೊಡದೆ ನಾನೇ ಓದಿಕೊಂಡೆ.

ಬೆಳಿಗ್ಗೆ ನಾಯಿಯ ಜೊತೆ ನೀರು ತಡೆಯುವ ಕಟ್ಟೆಯ ಮೇಲೆ ನಡೆಯುತ್ತೇನೆ. ಗಾಳಿ ಎದುರಾದರೆ ವಾಪಸು ಬರುತ್ತೇನೆ. ನಾಯಿಗೆ ಬೇಸರ. ಆಮೇಲೆ ಸಕ್ಕರೆ ಬ್ರೆಡ್ಡಿಗೆ ಹಿಟ್ಟು ನಾದುತ್ತೇನೆ. ಬೀದಿಯವರೆಲ್ಲ ನನ್ನ ಬ್ರೆಡ್ಡು ತಿಂದು ತಿಂದು ಈಗ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದಾರೆ.

ಕಂಪನಿಯ ಡಾಕ್ಟರು ಒಳ್ಳೆಯ ಹೆಂಗಸು. "ಕೆಲಸದ ಮಾತು ಈಗ್ಲೇ ಬೇಡ. ವಾರಕ್ಕೊಂದ್ಸಲ ಹೋಗಿ, ಎಲ್ಲರ ಜೊತೆ ಒಂದು ಕಪ್ ಕಾಫಿ ಕುಡಿದು ಬನ್ನಿ, ಸಾಕು" ಎನ್ನುತ್ತಾರೆ. ಕೆಲಸಕ್ಕೆ ಮರಳುವವರಿಗೆಲ್ಲ ಮೊದಲ ಮೆಟ್ಟಿಲು ಕಾಫಿಯೇ ಅಂತೆ. ಎರಡು ಸಲ ಕಟ್ಟಡದವರೆಗೆ ಬಂದೆ. ಕಾರು ನಿಲ್ಲಿಸುವ ಜಾಗದಲ್ಲಿ ನಿನ್ನ ಹಸಿರು ಕಾರು ಕಂಡೆ. ಎಂಜಿನ್ ಆರಿಸದೆಯೇ ಹಿಂದಿರುಗಿದೆ.

ಅಕ್ಟೋಬರಿನದನ್ನು ಕೇಳಬೇಡ.

ಬೌಕ್ಯೆ

ಒಂದು ಮಾತು: ಆ ಚಾಟ್ ಪರದೆ ಈಗ ಎಲ್ಲಿದೆ, ಎಡಕ್ಕೋ ಬಲಕ್ಕೋ?


ಹಾರ್ಸ್‌ವೆರ್ಡ್
೧೫ ಮಾರ್ಚ್

ಪ್ರೀತಿಯ ಬೌಕ್ಯೆ,

ಎಡಕ್ಕೆ. ಹೂಕ್‌ಸ್ಟರ್ ಸೇತುವೆಯ ಚಿತ್ರಗಳಿಗೆ ತಾಗಿಕೊಂಡೇ ಇದೆ. ಅದನ್ನು ಯಾಕೆ ಕೇಳಿದೆ ಎಂದು ಒಂದು ತಿಂಗಳಿಂದ ಯೋಚಿಸುತ್ತಿದ್ದೇನೆ.

ಕಾಫಿಗೆ ಬಾ ಎಂದು ನಾನು ಹೇಳುವುದಿಲ್ಲ. ಇಲ್ಲಿಯ ಕಾಫಿ ಮೇಜಿನ ಸ್ಥಿತಿ ಕೇಳು. ನಮ್ಮ ತಂಡದ ಮುಖ್ಯಸ್ಥ ಯೆಲ್ಮರ್ ಹೊಸದಾಗಿ 'ಸುಮ್ಮನೆ ಹರಟೆ' ಎಂಬ ಗುಂಪು ಮಾಡಿದ್ದಾನೆ. ನೀನು ಇಲ್ಲದೆ ತಂಡ ಒಡೆದುಹೋಗಬಾರದು ಎಂದು ಅವನ ಕಾಳಜಿ. ಅವನು ಕೆಟ್ಟವನಲ್ಲ, ಅದೇ ಕಷ್ಟ. ನಮಗಿಂತ ಎಷ್ಟೋ ಚಿಕ್ಕವನು, ಎಲ್ಲರ ಮಕ್ಕಳ ಹೆಸರೂ ನೆನಪಿಟ್ಟುಕೊಳ್ಳುತ್ತಾನೆ. ನಿನ್ನೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ಯೆಲ್ಮರ್, ಎಲ್ಲಾ ಮೆಸೇಜೂ ಎಲ್ರೂ ಓದ್ಬೇಕಾ?"

"ಓದ್ಲೇಬೇಕು ಅಂತ ಯಾರು ಹೇಳಿದ್ರು? ಗೊತ್ತಿರಲಿ ಅಂತ, ಅಷ್ಟೇ. ಮುಚ್ಚುಮರೆ ಇಲ್ದಿರೋ ತಂಡ ನಮ್ದು."

ಪಕ್ಕದ ಮೇಜಿನ ಡೌವೆ ಕಪ್ಪಿನೊಳಗಿಂದಲೇ ಬಾಯಿ ಹಾಕಿದ. "ಹೌದಪ್ಪಾ. ನಿನ್ನ ಬೆಕ್ಕಿಗೆ ಭೇದಿ ಆಗಿದ್ದೂ ಗೊತ್ತಾಯ್ತು. ಫೋಟೋ ಸಮೇತ."

ಎಲ್ಲರೂ ನಕ್ಕರು. ಯೆಲ್ಮರ್ ಕಿವಿ ಕೆಂಪಾಯಿತು. "ಅದನ್ನ ಹರಟೆ ಗ್ರೂಪಲ್ಲಿ ಹಾಕಿದ್ದೆ."

"ನಾನು ನೋಡಿದ್ದು ರಿಪೇರಿ ಗ್ರೂಪಲ್ಲಿ."

"ಹೌದಾ? ಕೈ ತಪ್ಪಿರ್ಬೇಕು ಬಿಡು. ಯಾವ ಕಿಟಕಿ ತೆರೆದಿತ್ತೋ ಅದ್ರಲ್ಲೇ ಹಾಕಿರ್ತೀನಿ."

ಮತ್ತೆ ನಗು. ನಾನೂ ನಕ್ಕೆ. ನಗುತ್ತಿರುವಾಗಲೇ ಒಂದು ಮಾತು ಹೊಳೆಯಿತು, ಬೌಕ್ಯೆ. ಬೆಕ್ಕಿನ ಫೋಟೋ ರಿಪೇರಿ ಗುಂಪಿಗೆ ಬರಬಹುದಾದರೆ ರಿಪೇರಿಯ ಮಾತು ಬೆಕ್ಕುಗಳ ನಡುವೆ ಹೋಗುವುದಿಲ್ಲವೇ?

ಶನಿವಾರ ಹೆಚ್ಚು ದೋಣಿ ಇರಲಿಲ್ಲವೆಂದು ಎಲ್ಲ ಗುಂಪುಗಳ ಶಬ್ದವನ್ನೂ ಅಡಗಿಸಿ ನೋಡಿದೆ. ಒಂದು ಗಂಟೆ ಸುಖವಾಗಿತ್ತು. ಆಮೇಲೆ ಆ ಮೌನವೇ ಕಿವಿಯ ಹತ್ತಿರ ಬಂದು ನಿಂತಿತು. ಇಷ್ಟು ಹೊತ್ತು ಯಾರೂ ಏನೂ ಹೇಳಿಲ್ಲವೇ, ಹೇಳಿದ್ದು ನನಗೆ ಕೇಳಿಸಿಲ್ಲವೇ? ಐದೈದು ನಿಮಿಷಕ್ಕೆ ಬಗ್ಗಿ ನೋಡತೊಡಗಿದೆ. ಶಬ್ದ ಇದ್ದಾಗಲೂ ಅಷ್ಟು ಸಲ ನೋಡುತ್ತಿರಲಿಲ್ಲ. ಅತ್ತ ದರಿ, ಇತ್ತ ಪುಲಿ. ಕೊನೆಗೆ ಎಲ್ಲದರ ಶಬ್ದವನ್ನೂ ಮತ್ತೆ ಬಿಟ್ಟೆ. ಟಿಣ್ ಎಂದಿತು. ಯಾರೋ ಮಗುವಿನ ತೊಟ್ಟಿಲು ಮಾರುತ್ತಿದ್ದರು.

ಹೆದರುವುದು ನನ್ನ ಸ್ವಭಾವವೋ, ಅಥವಾ ಇಲ್ಲಿ ನಿಜಕ್ಕೂ ಹೆದರಬೇಕಾದದ್ದು ಇದೆಯೋ? ನನಗೆ ತಿಳಿಯುತ್ತಿಲ್ಲ. ಇದನ್ನು ಹೇಳಬಲ್ಲವಳು ನೀನೊಬ್ಬಳೇ.

ನಿನ್ನ
ರಿನ್‌ಸ್ಕೆ


ಓಡೆಹೌಸ್
೨೭ ಏಪ್ರಿಲ್

ಪ್ರೀತಿಯ ರಿನ್‌ಸ್ಕೆ,

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ದಿನಾ ಅದರ ಮೇಲೆ ಒಂದು ಬಟ್ಟಲು ಇಟ್ಟು ಹಿಟ್ಟು ನಾದಿದೆ. ಈಗ ಅದಕ್ಕೆ ಬೆಣ್ಣೆಯ ಕಲೆ.

ಕೇಳು. ಒಂದೇ ಸಲ ಬರೆಯುತ್ತೇನೆ. ಹಿಲ್ಕೆಗೂ ಹೇಳಿಲ್ಲ.

ಅವತ್ತು ಮಧ್ಯಾಹ್ನ ಮರಳು ತುಂಬಿದ ದೋಣಿಯೊಂದು ವೈಡೆ ಸೇತುವೆಯನ್ನು ದಾಟಿತು. ದಾಟಿದ್ದು ನನಗೆ ಹೇಗೆ ಗೊತ್ತಾಯಿತು ಗೊತ್ತೇ? ದೋಣಿಯವನು ರೇಡಿಯೋದಲ್ಲಿ "ಥ್ಯಾಂಕ್ಸ್ ಅಕ್ಕಾ, ಒಳ್ಳೇದಾಗ್ಲಿ" ಎಂದ. ಯಾಕೆ ಥ್ಯಾಂಕ್ಸ್ ಎಂದು ಹೊಳೆಯಲಿಲ್ಲ. ಪರದೆ ನೋಡಿದೆ. ದೋಣಿ ಸೇತುವೆಯ ಆಚೆಗಿತ್ತು. ಗೇಟು ಮೇಲೆದ್ದಿತ್ತು, ಕಾರುಗಳು ಓಡಾಡುತ್ತಿದ್ದವು. ಅಂದರೆ ನಾನು ಗಂಟೆ ಬಾರಿಸಿದ್ದೆ, ಗೇಟು ಇಳಿಸಿದ್ದೆ, ಸೇತುವೆ ಎತ್ತಿದ್ದೆ, ಇಳಿಸಿದ್ದೆ. ಎಲ್ಲ ಕ್ರಮವಾಗಿಯೇ ಆಗಿತ್ತು. ನನಗೆ ಅದರ ಒಂದು ತುಣುಕೂ ನೆನಪಿರಲಿಲ್ಲ. ನೆನಪಿದ್ದದ್ದು ಚಾಟ್. ಭಾನುವಾರದ ಪಾಳಿ ಯಾರು ತೆಗೆದುಕೊಳ್ಳುತ್ತಾರೆ, ಡೌವೆಯ ಹುಟ್ಟುಹಬ್ಬಕ್ಕೆ ಗುಲಾಬಿ ಲೇಪದ ಕೇಕೋ ಸೇಬಿನದೋ. ಸೇಬಿನದು ಎಂದು ನಾನು ಬರೆದಿದ್ದೆ. ಅದರ ಪಕ್ಕ ಒಂದು ನಗುಮುಖವನ್ನೂ ಹಾಕಿದ್ದೆ.

ರೆಕಾರ್ಡಿಂಗ್ ಹಾಕಿ ನೋಡಿದೆ. ಸೇತುವೆ ಖಾಲಿಯಾಗಿಯೇ ಇತ್ತು. ಆದರೆ ನನ್ನ ಕಣ್ಣು ಎಲ್ಲಿತ್ತು ಎನ್ನುವುದು ಅದರಲ್ಲಿ ಕಾಣುವುದಿಲ್ಲ. ಯಾರಾದರೂ ಇದ್ದಾರೆಯೇ ಎಂದು ನಾನು ನೋಡಿದೆನೇ? ನೋಡಿರಬೇಕು. ಆ 'ಇರಬೇಕು' ಇದೆಯಲ್ಲ, ಅದನ್ನು ಎತ್ತಿಕೊಂಡು ಹೋಗಿ ಕಾರಿನಲ್ಲಿ ಕೂತೆ.

ಪರದೆ ಎಡಕ್ಕಿದೆಯೇ ಎಂದು ಕೇಳಿದ್ದು ಇದಕ್ಕೇ. ನನಗೂ ಎಡಕ್ಕಿತ್ತು. ಈಗಲೂ ಯಾರಾದರೂ ನನ್ನ ಎಡಗಡೆ ಕೂತರೆ ಮೈ ಬಿಗಿಯುತ್ತದೆ. ಹಿಲ್ಕೆ ಮಂಚದ ಆಚೆ ಬದಿಗೆ ಹೋಗಿದ್ದಾನೆ. ಯಾಕೆ ಎಂದು ಪಾಪ ಅವನು ಕೇಳಿಲ್ಲ.

ಗೂಡುಗಳಿದ್ದ ಕಾಲದಲ್ಲಿ ನಮಗೆ ಒಂದೊಂದು ಟೆಲಿಫೋನು ಇತ್ತು, ನೆನಪಿದೆಯೇ? ಸೇತುವೆ ಮೇಲೆದ್ದಿದ್ದಾಗ ಅದು ಬಡಿದುಕೊಂಡರೂ ಎತ್ತುತ್ತಿರಲಿಲ್ಲ. ನಾನು ನಿನಗೆ ಮಾಡಿದಾಗ ನೀನು ಎತ್ತದಿದ್ದರೆ 'ಸೇತುವೆ ಎತ್ತಿದ್ದಾಳೆ' ಎಂದುಕೊಂಡು ನಾನು ಟೀ ಕುಡಿಯುತ್ತಿದ್ದೆ. ಯಾರೂ ಮುನಿಸಿಕೊಳ್ಳುತ್ತಿರಲಿಲ್ಲ. ಉತ್ತರ ಕೊಡದೇ ಇರುವ ಹಕ್ಕು ನಮ್ಮಿಂದ ಯಾವಾಗ ಹೋಯಿತು, ರಿನ್‌ಸ್ಕೆ? ಯಾರೂ ಕಿತ್ತುಕೊಳ್ಳಲಿಲ್ಲ. ನಾವೇ ನಗುಮುಖ ಹಾಕಿ ಕೊಟ್ಟೆವು.

ಹೆದರಬೇಕಾದದ್ದು ಇದೆ. ನಿನ್ನ ಸ್ವಭಾವ ಅಲ್ಲ.

ಬೌಕ್ಯೆ


ಹಾರ್ಸ್‌ವೆರ್ಡ್
೨೩ ಮೇ

ಪ್ರೀತಿಯ ಬೌಕ್ಯೆ,

ಇದನ್ನು ಹಿಲ್ಕೆಗೆ ಓದಲು ಕೊಡಬೇಡ.

ನಿನ್ನ ಕಾಗದ ಬಂದ ಮರುದಿನವೇ ನಾನೊಂದು ಪದ್ಧತಿ ಮಾಡಿಕೊಂಡೆ. ರಿಪೇರಿಯ ಗುಂಪನ್ನು ಮಾತ್ರ ಇಟ್ಟುಕೊಂಡು ಮಿಕ್ಕವುಗಳ ಬಾಯಿ ಮುಚ್ಚಿದೆ. ದೋಣಿ ಬಂತೆಂದರೆ ಮೊದಲು ಆ ಪರದೆಯನ್ನು ಓದಿ, ಆಮೇಲೆ ನನ್ನ ಉಣ್ಣೆಯ ಅಂಗಿಯನ್ನು ಅದರ ಮೇಲೆ ಹೊದಿಸಿ, ಸೇತುವೆ ಮತ್ತೆ ಕೆಳಗಿಳಿದ ಮೇಲೆಯೇ ತೆಗೆಯುತ್ತಿದ್ದೆ. ಡೌವೆ ಬಿಡುತ್ತಾನೆಯೇ? "ಏನ್ ರಿನ್‌ಸ್ಕೆ, ಗಿಳಿ ಪಂಜರಕ್ಕೆ ಬಟ್ಟೆ ಮುಚ್ಚಿದ ಹಾಗೆ ಮುಚ್ತೀಯಲ್ಲ? ಮಲಕ್ಕೊಂತಾ ಅದು?" ಎಂದ. "ಮಲಗಿಸ್ತಾ ಇದೀನಿ, ಸದ್ದು ಮಾಡ್ಬೇಡ" ಎಂದೆ. ಮೂರು ವಾರ ಮನುಷ್ಯರ ಹಾಗೆ ಉಸಿರಾಡಿದೆ.

ನಿನ್ನೆ ಯೆಲ್ಮರ್‌ನ ಹುಟ್ಟುಹಬ್ಬ. ನಮ್ಮಲ್ಲಿ ಹುಟ್ಟುಹಬ್ಬ ಒಬ್ಬನದಾಗಿ ಮುಗಿಯುತ್ತದೆಯೇ? ಯೆಲ್ಮರ್‌ಗೆ ಅಭಿನಂದನೆ, ಯೆಲ್ಮರ್ ಹುಟ್ಟಿದ್ದಕ್ಕೆ ಡೌವೆಗೆ ಅಭಿನಂದನೆ, ಡೌವೆಯಿಂದ ಎಲ್ಲರಿಗೂ ಅಭಿನಂದನೆ. ಬೆಳಗಿನಿಂದ ಆ ಗುಂಪಿನಲ್ಲಿ ಬಲೂನುಗಳ ಮಳೆ. ನನಗೆ ಕೇಳಿಸಲಿಲ್ಲ, ಮುಚ್ಚಿದ್ದೆನಲ್ಲ.

ಗಾಳಿ ಬಲವಾಗಿತ್ತು. ಹೂಕ್‌ಸ್ಟರ್ ಸೇತುವೆಯ ಮುಂದೆ ಮೂರು ಹಾಯಿದೋಣಿಗಳು ಬಂದು ನಿಂತಿದ್ದವು, ನಿಲ್ಲಲಾರದೆ ಹೊಯ್ದಾಡುತ್ತಿದ್ದವು. ರಿಪೇರಿಯ ಗುಂಪು ನೋಡಿದೆ. ಏನೂ ಇರಲಿಲ್ಲ. ಅಂಗಿ ಹೊದಿಸಿದೆ. ಗಂಟೆ ಬಾರಿಸಿದೆ, ಗೇಟು ಇಳಿಸಿದೆ. ಏಳುವ ಭಾಗದ ಮೇಲಿರುವ ನಡುವಿನ ಕ್ಯಾಮೆರಾ ನೋಡಿದೆ. ಖಾಲಿ. ಬೆರಳು ಗುಂಡಿಯ ಮೇಲಿತ್ತು.

ಆ ಚಿತ್ರದ ಕೆಳಮೂಲೆಯಲ್ಲಿ, ಕಂಬಿಯ ಆಚೆ, ಅಂಗೈಯಗಲದ ನೀರು ಕಾಣುತ್ತದೆ. ನೀರಿನ ಮೇಲೆ ನೊರೆಯ ಒಂದು ಬಿಳಿ ಗೆರೆ ಇತ್ತು. ಪಕ್ಕದ ಕ್ಯಾಮೆರಾದಲ್ಲಿ ಜೊಂಡು ಗಾಳಿಗೆ ನೆಲ ಮುಟ್ಟುವಂತೆ ಬಾಗುತ್ತಿತ್ತು. ಆ ನೊರೆಯ ಗೆರೆ ಮಾತ್ರ ಕದಲಲಿಲ್ಲ. ಅಂಥ ಗಾಳಿಯಲ್ಲಿ ನೀರು ನಿಂತಿತ್ತು, ಬೌಕ್ಯೆ.

ಬೆರಳು ತೆಗೆದೆ. ರೇಡಿಯೋದಲ್ಲಿ ಮುಂದಿನ ದೋಣಿಯವನು ಕೂಗಿದ. "ಏನಮ್ಮಾ, ನಿದ್ದೆ ಹೋದ್ಯಾ? ಗಾಳಿ ನಮ್ಮನ್ನ ಕಂಬಕ್ಕೆ ಹೊಡೀತಾ ಇದೆ ಇಲ್ಲಿ!" ಅವನಿಗೆ ಉತ್ತರಿಸಲಿಲ್ಲ. ಸೇತುವೆಯ ಧ್ವನಿವರ್ಧಕ, ಅಲ್ಲಿಯ ಮೈಕು ಎರಡನ್ನೂ ಹಾಕಿ, "ಮೇಲೆ ಯಾರಾದ್ರೂ ಇದೀರಾ?" ಎಂದು ಕೇಳಿದೆ. ಗಾಳಿಯ ಸದ್ದು ಮಾತ್ರ. ನನ್ನದೇ ಹುಚ್ಚು ಎಂದುಕೊಳ್ಳುವಷ್ಟರಲ್ಲಿ ಅಲ್ಲಿಂದ ಒಂದು ಹೆಂಗಸಿನ ದನಿ ಬಂತು.

"ಇದೀವಿ! ಸೈಕಲ್ ಚೈನ್ ಸಿಕ್ಕಾಕೊಂಡಿದೆ ರೀ, ಮುಂದೆ ಮಕ್ಕಳು ಕೂರೋ ಪೆಟ್ಟಿಗೇಲಿ ಮಗು ಇದೆ, ಬೆಲ್ಟ್ ಬಿಚ್ಚಕ್ಕೆ ಬರ್ತಿಲ್ಲ. ಎತ್ಬೇಡಿ! ದಯವಿಟ್ಟು ಎತ್ಬೇಡಿ!"

"ಎತ್ತಲ್ಲ. ಎತ್ತೋದೇ ಇಲ್ಲ. ನಿಧಾನ ಮಾಡಿ" ಎಂದೆ. ಅದು ನನ್ನ ದನಿಯೇ ಎಂದು ನನಗೆ ನಂಬಿಕೆ ಬರಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಕೂತೆ, ತಪ್ಪಿಯೂ ಏನನ್ನೂ ಮುಟ್ಟಬಾರದೆಂದು.

ಆಗಿದ್ದು ಇಷ್ಟು. ರಿಪೇರಿಯ ಸೀಟ್ಸೆ ಆ ಕ್ಯಾಮೆರಾ ನೋಡಲೆಂದೇ ಅಲ್ಲಿಗೆ ಹೋಗಿದ್ದ. ಹೋಗುವ ಮುಂಚೆ ಹುಟ್ಟುಹಬ್ಬದ ಗುಂಪಿನಲ್ಲಿ ಯೆಲ್ಮರ್‌ಗೆ ಶುಭಾಶಯ ಹಾಕಿದ್ದ. ಅದೇ ಕಿಟಕಿ ತೆರೆದಿತ್ತು, ಅದರಲ್ಲೇ 'ಹೂಕ್‌ಸ್ಟರ್ ನಡುವಿನ ಕ್ಯಾಮೆರಾದ ಚಿತ್ರ ನಿಂತುಬಿಟ್ಟಿದೆ, ನಾನು ಹೇಳೋವರೆಗೂ ಎತ್ಬೇಡಿ' ಎಂದು ಬರೆದ. ಬರೆದು, ಹೇಳಿದ್ದಾಯಿತು ಎಂದುಕೊಂಡು ವ್ಯಾನಿನಿಂದ ಸಾಮಾನು ತರಲು ಹೋದ. ಅದರ ಮೇಲೊಂದು ಕೇಕಿನ ಫೋಟೋ, ಕೆಳಗೆ ಬಲೂನು. ಆ ಮಾತಿಗೆ ಯಾರೋ ಮೆಚ್ಚುಗೆಯ ಹೆಬ್ಬೆರಳಿನ ಚಿಹ್ನೆಯನ್ನೂ ಒತ್ತಿದ್ದರು. ಯಾರು ಎಂದು ನೋಡಲು ನನಗೆ ಧೈರ್ಯವಾಗಲಿಲ್ಲ.

ಯೆಲ್ಮರ್ ಕೈಯಲ್ಲಿ ಕೇಕಿನ ತಟ್ಟೆ ಹಿಡಿದುಕೊಂಡೇ ಓಡಿ ಬಂದ. ಅಂಗಿ ಇನ್ನೂ ಪರದೆಯ ಮೇಲಿತ್ತು.

"ಗ್ರೂಪ್ ಮ್ಯೂಟ್ ಮಾಡಿದ್ಯಾ?"

"ಹುಟ್ಟುಹಬ್ಬದ್ದು ಮಾಡಿದ್ದೆ."

"ಮೆಸೇಜು ಅಲ್ಲಿತ್ತು ರಿನ್‌ಸ್ಕೆ. ಅಲ್ಲೇ ಇತ್ತು, ಎಲ್ಲರ ಕಣ್ಣೆದುರಿಗೆ."

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಮುಚ್ಚಿದ್ದರಿಂದ ಸೀಟ್ಸೆಯ ಮಾತು ನನಗೆ ತಪ್ಪಿತು. ಮುಚ್ಚಿದ್ದರಿಂದಲೇ ನಿಂತ ನೀರು ಕಂಡಿತು. ಎರಡನ್ನೂ ತಕ್ಕಡಿಗೆ ಹಾಕುತ್ತ ಕೂತಿದ್ದೇನೆ, ಮುಳ್ಳು ಯಾವ ಕಡೆಗೂ ನಿಲ್ಲುತ್ತಿಲ್ಲ.

ಜೂನ್ ಹನ್ನೆರಡಕ್ಕೆ ಸಭೆ. ಯಾರೂ ಯಾವ ಗುಂಪನ್ನೂ ಮುಚ್ಚಬಾರದು, ಪ್ರತಿಯೊಂದು ಮಾತಿಗೂ ಓದಿದ್ದೇನೆಂದು ಒತ್ತಲೇಬೇಕು ಎಂಬ ನಿಯಮ ತರುತ್ತಾರಂತೆ. ಹಾಗಾದರೆ ಒಂದು ದಿನ ನಮ್ಮಲ್ಲಿ ಯಾರೋ ಎಲ್ಲವನ್ನೂ ಓದಿರುತ್ತಾರೆ, ಎಲ್ಲದಕ್ಕೂ ಒತ್ತಿರುತ್ತಾರೆ, ಸೇತುವೆ ಮಾತ್ರ ಖಾಲಿ ಇರುವುದಿಲ್ಲ. ಇದನ್ನು ನಾನು ಹೇಳಿದರೆ ತಪ್ಪಿಸಿಕೊಳ್ಳಲು ಹೇಳುತ್ತಿದ್ದಾಳೆ ಎನ್ನುತ್ತಾರೆ. ಹಾಗೆಂದು ನನಗೇ ಒಂದೊಂದು ಸಲ ಅನ್ನಿಸುತ್ತದೆ.

ರಿನ್‌ಸ್ಕೆ


ಓಡೆಹೌಸ್
೨ ಜೂನ್

ರಿನ್‌ಸ್ಕೆ,

ಮಗು ಚೆನ್ನಾಗಿದೆಯೇ? ಅದನ್ನೇ ಬರೆದಿಲ್ಲ ನೀನು.

ಹನ್ನೆರಡಕ್ಕೆ ಕಾಫಿ ಕುಡಿಯಲು ಬರುತ್ತೇನೆ. ಡಾಕ್ಟರು ಹೇಳಿದ್ದಾರೆ, ಮೊದಲ ಮೆಟ್ಟಿಲು. ಅವತ್ತೇ ಸಭೆ ಇದೆ ಎನ್ನುವುದು ನನಗೆ ಗೊತ್ತೇ ಇಲ್ಲ.

ನನ್ನ ಕಾಗದ ತಂದು ಯಾರಿಗೂ ತೋರಿಸಬೇಡ. ನನಗೆ ಬಾಯಿದೆ. ಅವತ್ತು ಅದು ತೆರೆಯುತ್ತದೋ ಇಲ್ಲವೋ, ಆ ಮಾತು ಬೇರೆ. ತೆರೆಯದಿದ್ದರೆ ನೀನು ಏನೂ ಮಾಡಬೇಡ, ಸುಮ್ಮನೆ ನನ್ನ ಬಲಗಡೆ ಕೂತಿರು.

ಬೌಕ್ಯೆ


ಹಾರ್ಸ್‌ವೆರ್ಡ್
೧೪ ಜೂನ್

ಪ್ರೀತಿಯ ಬೌಕ್ಯೆ,

ಮಗು ಚೆನ್ನಾಗಿದೆ. ಮಾರನೆಯ ವಾರ ಅದೇ ಸೇತುವೆಯ ಮೇಲೆ ಅದೇ ಸೈಕಲ್ಲು ಹೋದದ್ದನ್ನು ನೋಡಿದೆ. ಕೆಂಪು ಟೋಪಿ ಹಾಕಿಕೊಂಡು ಕ್ಯಾಮೆರಾ ಕಡೆ ಕೈ ಬೀಸುತ್ತಿತ್ತು. ತಾಯಿ ಹೇಳಿಕೊಟ್ಟಿರಬೇಕು.

ನೀನು ಹೋದ ಮೇಲೆ ಏನಾಯಿತು ಎಂದು ಬರೆಯಬೇಕು. ನೀನು ಕೋಟು ಬಿಚ್ಚಲಿಲ್ಲ, ಕಾಫಿ ಮುಟ್ಟಲಿಲ್ಲ, ಮರಳು ದೋಣಿಯ ಕಥೆಯನ್ನು ನಿಂತುಕೊಂಡೇ ಹೇಳಿ, "ಅಷ್ಟೇ. ಸೇಬಿನ ಕೇಕು ಚೆನ್ನಾಗಿತ್ತಂತೆ, ನಾನು ತಿನ್ನಲಿಲ್ಲ" ಎಂದು ಹೊರಟುಬಿಟ್ಟೆ. ನಿನ್ನ ಕಪ್ಪಿನಿಂದ ಹಬೆ ಏಳುತ್ತಿತ್ತು. ಎಲ್ಲರೂ ಅದನ್ನೇ ನೋಡುತ್ತ ಕೂತೆವು.

ಮೊದಲು ಮಾತಾಡಿದ್ದು ಡೌವೆ. "ನಂಗೂ ಆಗಿದೆ."

"ಏನಾಗಿದೆ?" ಎಂದ ಯೆಲ್ಮರ್.

"ಅವಳಿಗಾಗಿದ್ದೇ. ಎತ್ತಿದ್ದೀನಿ, ಇಳಿಸಿದ್ದೀನಿ. ಗೊತ್ತೇ ಇಲ್ಲ."

"ಯಾವಾಗ?"

"ಯಾವಾಗ ಅಂತ ನೆನಪಿದ್ದಿದ್ರೆ ಅದು ಹಂಗಾಗಿದೆ ಅಂತ ಹೇಳ್ತಿದ್ನೇನಯ್ಯಾ?"

ಯಾರೂ ನಗಲಿಲ್ಲ. ಇನ್ನೊಬ್ಬಳು ತಲೆ ತಗ್ಗಿಸಿ, "ನಂಗೂ" ಎಂದಳು. ಆಮೇಲೆ ಇನ್ನೊಬ್ಬ. ನಾನು ಎಣಿಸುವುದನ್ನು ಬಿಟ್ಟೆ. ಇಷ್ಟು ದಿನ ಈ ಜನರ ಕೈಯಲ್ಲಿ ಎಷ್ಟೊಂದು ಸೇತುವೆಗಳು ಯಾರೂ ನೋಡದೆಯೇ ಮೇಲೆದ್ದು ಕೆಳಗಿಳಿದಿವೆ, ಎಷ್ಟೊಂದು ಸಲ ಅವು ಖಾಲಿಯಾಗಿದ್ದದ್ದು ಬರೀ ಅದೃಷ್ಟ ಎಂದು ಆಗ ಹೊಳೆಯಿತು. ನನ್ನೊಬ್ಬಳದೇ ಹೆದರಿಕೆ ಎಂದುಕೊಂಡಿದ್ದಾಗ ಅದು ಇಷ್ಟು ದೊಡ್ಡದಾಗಿರಲಿಲ್ಲ.

ಯೆಲ್ಮರ್ ತನ್ನ ನಿಯಮದ ಹಾಳೆಯನ್ನು ಮೇಜಿನ ಮೇಲಿಟ್ಟ. ಅವನ ಮುಖ ಬಿಳಿಚಿಕೊಂಡಿತ್ತು. "ಸೀಟ್ಸೆ ಮೆಸೇಜಿಗೆ ಹೆಬ್ಬೆರಳು ಒತ್ತಿದ್ದು ನಾನು. ವಿಶ್ ಮಾಡಿದೋರಿಗೆಲ್ಲ ಒತ್ತುತ್ತಾ ಹೋದೆ. ಓದಿದ್ನೋ ಇಲ್ವೋ, ನಂಗೊತ್ತಿಲ್ಲ" ಎಂದ. ಆಮೇಲೆ ಮಗುವಿನ ಹಾಗೆ ಕೇಳಿದ: "ಈಗ ಏನ್ಮಾಡೋಣ?"

ಅವನ ನಿಯಮದ ಹಾಳೆ ಮೇಜಿನ ಮೇಲೇ ಉಳಿಯಿತು. ನಾನು ನಿನ್ನ ಟೆಲಿಫೋನಿನ ಮಾತು ಎತ್ತಿದೆ. ನನ್ನದಲ್ಲ, ಬೌಕ್ಯೆಯದು ಎಂದೂ ಹೇಳಿದೆ. ಜಗಳವಾಡಿ ಜಗಳವಾಡಿ ಕೊನೆಗೆ ಒಂದಕ್ಕೆ ಬಂದೆವು. ಸೇತುವೆ ನಡೆಸುವವರ ಮೇಜಿನಿಂದ ಚಾಟ್ ಪರದೆಯನ್ನೇ ತೆಗೆದುಬಿಡುವುದು. ಅದನ್ನು ಪಕ್ಕದ ಕೋಣೆಯಲ್ಲಿ ಯೆಲ್ಮರ್ ಓದುತ್ತಾನೆ, ಬೇಕಾದದ್ದನ್ನು ಕಾಫಿಯ ಹೊತ್ತಿಗೆ ಬಾಯಲ್ಲಿ ಹೇಳುತ್ತಾನೆ. ಸೇತುವೆಗೆ ಸಂಬಂಧಪಟ್ಟದ್ದನ್ನು ಯಾರೂ ಬರೆಯುವಂತಿಲ್ಲ, ಫೋನ್ ಮಾಡಿ ಹೇಳಬೇಕು, ಈ ಕಡೆಯವರು ಅದನ್ನು ತಿರುಗಿ ಹೇಳುವವರೆಗೂ ಫೋನ್ ಇಡಬಾರದು. ಅದಕ್ಕೆಂದೇ ಪ್ರತಿ ಮೇಜಿಗೂ ತಂತಿಯ ಫೋನು. ನಿನ್ನ ಹಳೆಯ ಫೋನಿಗೂ ಇದಕ್ಕೂ ಎರಡು ವ್ಯತ್ಯಾಸ: ಆ ನಂಬರು ಸೇತುವೆಯ ಹತ್ತಿರ ಇರುವವರಿಗೆ ಮಾತ್ರ ಗೊತ್ತು, ಅದು ಬಡಿದುಕೊಂಡರೆ ಮೊದಲು ಸೇತುವೆ ನಿಲ್ಲಿಸಿ, ಆಮೇಲೆ ಫೋನ್ ಎತ್ತಬೇಕು. "ಬೆಕ್ಕಿನ ವಿಷಯಕ್ಕೆ ಆ ನಂಬರಿಗೆ ಮಾಡಿದ್ರೆ ನಿನ್ನನ್ನೇ ಕಾಲುವೆಗೆ ಹಾಕ್ತೀನಿ" ಎಂದು ಡೌವೆ ಯೆಲ್ಮರ್‌ಗೆ ಹೇಳಿದ.

ಸೋಮವಾರದಿಂದ ಶುರು. ಎಡಗಡೆ ಖಾಲಿಯಾಗುತ್ತದೆ. ಇಷ್ಟರಿಂದ ಸಾಕೇ? ಗೊತ್ತಿಲ್ಲ. ಫೋನ್ ಮಾಡಬೇಕಾದವನು ಮಾಡದಿದ್ದರೆ? ಅದಕ್ಕೆ ನನ್ನ ಹತ್ತಿರ ಅಂಗಿಯೂ ಇಲ್ಲ.

ನಿನ್ನ ಕಪ್ಪು ತೊಳೆದು ಕಪಾಟಿನಲ್ಲಿಟ್ಟಿದ್ದೇನೆ.

ನಿನ್ನ
ರಿನ್‌ಸ್ಕೆ


ಓಡೆಹೌಸ್
೧೮ ಸೆಪ್ಟೆಂಬರ್

ಪ್ರೀತಿಯ ರಿನ್‌ಸ್ಕೆ,

ನಿನಗೆ ಫೋನಿನಲ್ಲೇ ಹೇಳಬಹುದಿತ್ತು. ಡ್ರಾಯರಿನಿಂದ ಅದು ಹೊರಗೆ ಬಂದಿದೆ. ಆದರೆ ನಿನಗೆ ಬರೆಯುವುದು ಅಭ್ಯಾಸವಾಗಿಬಿಟ್ಟಿದೆ, ಮತ್ತೆ ನೀನು ರಜೆಗೆ ಹೋದ ದ್ವೀಪದಲ್ಲಿ ಸಿಗ್ನಲ್ ಸಿಗುವುದಿಲ್ಲವಂತೆ. ಪುಣ್ಯವಂತೆ.

ಇವತ್ತು ನನ್ನ ಮೊದಲ ಪಾಳಿ. ಅರ್ಧ ದಿನ, ಎರಡೇ ಸೇತುವೆ, ಪಕ್ಕದಲ್ಲಿ ಡೌವೆ. ಕುರ್ಚಿಯಲ್ಲಿ ಕೂತ ತಕ್ಷಣ ಕಾಲು ನೆಲಕ್ಕೆ ತಾಕಿತು. ಇಷ್ಟು ತಿಂಗಳು ನೀನು ಕಾಲು ಜೋತಾಡಿಸಿಕೊಂಡೇ ಕೂತಿದ್ದೆಯಾ? ಹುಚ್ಚಿ.

ನಾಲ್ಕು ಸಲ ಎತ್ತಿದೆ. ಮೊದಲನೆಯದು ನೀಲಿ ಹಾಯಿಯ ದೋಣಿ, ಚುಕ್ಕಾಣಿಯ ಹತ್ತಿರ ಒಬ್ಬ ಮುದುಕ ಬಾಳೆಹಣ್ಣು ತಿನ್ನುತ್ತಿದ್ದ. ಎರಡನೆಯದು ಹುಲ್ಲು ತುಂಬಿದ್ದು. ಗೇಟಿನ ಆಚೆ ಒಬ್ಬಳು ಹುಡುಗಿ ಸೈಕಲ್ಲಿನಿಂದ ಇಳಿದು ಜಡೆ ಬಿಚ್ಚಿ ಮತ್ತೆ ಹೆಣೆದುಕೊಂಡಳು, ಸೇತುವೆ ಇಳಿಯುವಷ್ಟರಲ್ಲಿ ಮುಗಿದಿತ್ತು. ಮೂರನೆಯದು ಬಾಡಿಗೆ ದೋಣಿ, ಕಂಬಕ್ಕೆ ಎರಡು ಸಲ ಗುದ್ದಿತು, ಗಂಡ ಹೆಂಡತಿ ಕೈ ಕೈ ತೋರಿಸಿ ಬೈದಾಡಿಕೊಂಡರು. ನಾಲ್ಕನೆಯದು ಮರಳು ದೋಣಿ. ಅವನೇ. "ಏನಕ್ಕಾ, ಎಲ್ಲಿಗ್ ಹೋಗಿದ್ರಿ ಇಷ್ಟು ದಿನ? ಬೇರೆಯೋರು ಕಾಯಿಸಿ ಕಾಯಿಸಿ ಸಾಯಿಸಿದ್ರು" ಎಂದ. "ಕಾಫಿ ಕುಡಿಯೋಕೆ ಹೋಗಿದ್ದೆ" ಎಂದೆ. ಅವನ ದೋಣಿಯ ಹಿಂದೆ ಎರಡು ಬಾತುಕೋಳಿ ಬಂದವು. ಅವು ದಾಟುವವರೆಗೂ ಕಾದು ಇಳಿಸಿದೆ. ಅದರ ಅಗತ್ಯವೇನೂ ಇರಲಿಲ್ಲ.

ನಾಲ್ಕೂ ನೆನಪಿದೆ, ನೋಡು.

ಫೋನು ಇಡೀ ಪಾಳಿಯಲ್ಲಿ ಒಮ್ಮೆಯೂ ಬಡಿದುಕೊಳ್ಳಲಿಲ್ಲ. ಒಳ್ಳೆಯದೇ ಆಯಿತಲ್ಲ ಎಂದ ಡೌವೆ. ಹೌದು ಎಂದೆ. ಆದರೆ ಪ್ರತಿ ಸಲ ಗೇಟು ಇಳಿಸುವ ಮುಂಚೆ ಮೇಜಿನ ಕೆಳಗೆ ಬಗ್ಗಿ, ಅದರ ತಂತಿ ಗೋಡೆಗೆ ಸಿಕ್ಕಿಕೊಂಡೇ ಇದೆಯೇ ಎಂದು ಕೈಯಿಂದ ಮುಟ್ಟಿ ನೋಡಿದೆ. ಅಲ್ಲಿ, ತಂತಿಯ ಪಕ್ಕದ ಗೋಡೆಯಲ್ಲಿ, ಬೆರಳು ತಾಗಿ ತಾಗಿ ಬಣ್ಣ ಸವೆದಿತ್ತು. ಮುಟ್ಟಿದವಳು ನಾನೇ ಮೊದಲಲ್ಲ.

ನಿನ್ನ
ಬೌಕ್ಯೆ